ಅಕ್ಕನ ಓದಿನಿಂದ ಗಿಟ್ಟಿದ್ದು

ನನ್ನ ಅಕ್ಕ ಹೇಮಾವತಿ ಅಂತಾರಾಷ್ಟ್ರೀಯ ಸಂಬಂಧಗಳು ಅನ್ನುವ ವಿಷಯದಲ್ಲಿ ಬಿ.ಎ. ಮಾಡಿದಳು. ಆ ಬಿ.ಎ.ಗಾಗಿ ನಮ್ಮ ಗಿರಣಿಯ ಖಾರದ ಮೆಷಿನ್ನು ಹೋಯಿತು. ಅದಕ್ಕೂ ಮೊದಲು, ಅಪ್ಪ ತೀರಿಕೊಂಡ ವರ್ಷ, ನಾನು ಒಂಬತ್ತನೇ ಕ್ಲಾಸಿನ ಬೆಂಚು ಬಿಟ್ಟು ಬಂದು ಗಿರಣಿಗೆ ನಿಂತಿದ್ದೆ. ಅದನ್ನು ಮೊದಲ ಕಂತು ಅಂತ ಇಟ್ಟುಕೊಳ್ಳಿ, ಮೆಷಿನ್ನು ಎರಡನೆಯದು. ಉಳಿದಿದ್ದು ಒಂದೇ ಮೆಷಿನ್ನು. ಅದರಲ್ಲೇ ರಾಗಿ, ಅದರಲ್ಲೇ ಮೆಣಸಿನಕಾಯಿ. ಎಷ್ಟು ಗುಡಿಸಿ ಒರೆಸಿದರೂ ಖಾರ ಪೂರ್ತಿ ಹೋಗುವುದಿಲ್ಲ. ನಮ್ಮ ಬೀದಿಯ ಮಕ್ಕಳು ರಾಗಿ ಅಂಬಲಿ ಕುಡಿದು ಬಿಕ್ಕಳಿಸುತ್ತಿದ್ದವು, ತಾಯಂದಿರು ಗಿರಣಿಯ ಬಾಗಿಲಿಗೆ ಬಂದು ಬೈಯುತ್ತಿದ್ದರು. ನನ್ನನ್ನು ಬೈಯುತ್ತಿದ್ದರು. ಓದಲು ಹೋದವಳನ್ನಲ್ಲ.

ನಮ್ಮೂರಿನ ಬೀದಿಗಳು ಅಮಾವಾಸ್ಯೆಗೊಮ್ಮೆ ಜಾಗ ಬದಲಿಸುತ್ತವೆ. ಮಲಗುವಾಗ ಮಗ್ಗುಲಲ್ಲಿ ಕುಂಬಾರ ಬೀದಿ ಇದ್ದರೆ, ಏಳುವಾಗ ಹಗ್ಗದ ಬೀದಿ ಬಂದು ನಿಂತಿರುತ್ತದೆ. ಆದ್ದರಿಂದ ನಮ್ಮಲ್ಲಿ ಮದುವೆ ಕಾಗದದ ಮೇಲೆ ಇಂಥದ್ದರ ಹತ್ತಿರ, ಇಂಥದ್ದರ ಎದುರು ಎಂದು ಯಾರೂ ಅಚ್ಚು ಹಾಕಿಸುವುದಿಲ್ಲ. ಅಮಾವಾಸ್ಯೆಯ ಸಂಜೆ ದನ, ಕುರಿ, ಕೋಳಿ, ಅಜ್ಜಂದಿರು ಎಲ್ಲರನ್ನೂ ಅವರವರ ಬೀದಿಗೆ ಹೊಡೆದುಕೊಂಡು ಬರುತ್ತೇವೆ. ಆ ರಾತ್ರಿ ಯಾರು ಯಾವ ಬೀದಿಯಲ್ಲಿ ಮಲಗಿದರೋ ಆ ಬೀದಿಯ ಜೊತೆಗೇ ಹೋದರು. ದರ್ಜಿ ಬೀದಿಗೆ ಇಸ್ಪೀಟು ಆಡಲು ಹೋದ ನಮ್ಮ ಎದುರು ಮನೆಯಾತ, ಮಗನ ಮದುವೆ ಮುಗಿದ ಮುಂದಿನ ವಾರ ಮನೆಗೆ ಬಂದ. ಸೊಸೆ ಬಾಗಿಲು ತೆಗೆದು, ಯಾರು ಬೇಕಾಗಿತ್ತು ಅಂತ ಕೇಳಿದಳು.

ಪಕ್ಕಕ್ಕೆ ಬಂದ ಬೀದಿಯ ಜೊತೆ ಎಲ್ಲವನ್ನೂ ಹೊಸದಾಗಿ ಮಾತಾಡಿಕೊಳ್ಳಬೇಕು. ಚರಂಡಿ ಯಾರ ಕಡೆ ಹರಿಯಬೇಕು, ನಲ್ಲಿಯಲ್ಲಿ ಯಾರು ಮೊದಲು, ಯಾರ ಬೀದಿಯ ಮೇಲೆ ಯಾರು ಹಾದು ಹೋಗಬಹುದು. ಎರಡು ಬೀದಿ ಕೂಡುವ ಸಂದಿನ ಮೇಲೆ ಬೆಳಗ್ಗೆ ಒಂದು ಚಾಪೆ ಹಾಸುತ್ತಾರೆ. ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು ಕೂರುತ್ತಾರೆ. ಬಾಯಿ ಬಿಟ್ಟ ಕೂಡಲೇ ಮೊದಲು ತಮ್ಮ ಬೀದಿಯ ದೋಷ ತಾವೇ ಹೇಳಿಕೊಳ್ಳಬೇಕು, ಅದು ಪದ್ಧತಿ. ಬೇಕಾದ್ದನ್ನು ಕೇಳುವುದು ಆಮೇಲೆ. ಚಾಪೆ ಮಡಿಸುವ ಹೊತ್ತಿಗೆ ಏನು ಒಪ್ಪಿದರೋ ಅದು ಮುಂದಿನ ಅಮಾವಾಸ್ಯೆವರೆಗೆ ನಡೆಯುತ್ತದೆ. ಒಪ್ಪಂದವಿಲ್ಲದೆ ಒಂದು ಬೀದಿಯವರು ಇನ್ನೊಂದರ ಮೇಲೆ ಕಾಲಿಡುವ ಹಾಗಿಲ್ಲ. ಸಾಮಾನು ದಾಟಿಸಿದರೂ ನಡುವಿನ ಬೀದಿಯವರು ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ನಮ್ಮ ಚಿಕ್ಕಮ್ಮ ಹೂವಿನ ಬೀದಿಯಿಂದ ಪ್ರತಿವರ್ಷ ನಿಂಬೆ ಉಪ್ಪಿನಕಾಯಿ ಕಳಿಸುತ್ತಾಳೆ. ಜಾಡಿ ಬರುತ್ತದೆ, ತಳದಲ್ಲಿ ರಸ ಬರುತ್ತದೆ.

ಅಕ್ಕ ಓದು ಮುಗಿಸಿ ಬಸ್ಸಿನಿಂದ ಇಳಿದಾಗ ನಮ್ಮ ಬೀದಿಗೂ ಬಸ್ಸಿನ ರಸ್ತೆಗೂ ನಡುವೆ ಎರಡು ಬೀದಿ ಅಡ್ಡ ಬಿದ್ದಿದ್ದವು. ದಾರಿ ಸಿಗುವವರೆಗೆ ಟ್ರಂಕಿನ ಮೇಲೆ ಕೂತು ಬನ್ನು ತಿನ್ನುತ್ತಾ ದಿನಗಟ್ಟಲೆ ಕಾದಳು. ಮನೆಗೆ ಬಂದ ಮೇಲೆ ನಾನು ಕೇಳಿದ ಮೊದಲ ಮಾತು, ಕೆಲಸ ಎಲ್ಲಿ ಅಂತ.

"ರಾಯಭಾರಿ ಕಚೇರಿಗಳಲ್ಲಿ ಇರುತ್ತೆ, ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಇರುತ್ತೆ," ಅಂದಳು. "ಬರೆದು ಕೇಳಿದೀನಿ ಕಣೋ ದೊರೆ. ಬರೀ ಬಿ.ಎ. ಸಾಲದಂತೆ. ಎಂ.ಎ. ಮಾಡ್ಬೇಕಂತೆ."

"ಸರಿ, ಇರೋ ಇನ್ನೊಂದು ಮೆಷಿನ್ನೂ ಮಾರಾಣ. ಆಮೇಲೆ ನೀನೂ ಅವ್ವನೂ ಎದುರುಬದುರು ಕೂತ್ಕೊಂಡು ಊರಿನ ರಾಗಿಯೆಲ್ಲ ಕೈಲಿ ಬೀಸಿ."

"ಬೀಸ್ತೀವಿ ಬಿಡು. ನೀನು ಪದ ಹೇಳು."

ಇವಳ ಹತ್ತಿರ ಜಗಳ ಆಡುವುದೂ ಕಷ್ಟ. ಸಿಟ್ಟು ಬಂದವನ ಮುಂದೆ ಸಿಟ್ಟಿಲ್ಲದೆ ನಿಲ್ಲುವುದನ್ನೇ ಅಲ್ಲಿ ಹೇಳಿಕೊಟ್ಟಿದ್ದರೋ ಏನೋ.

ನಮ್ಮ ಬೀದಿಯ ಪರವಾಗಿ ಸಂದಿಗೆ ಕೂರುತ್ತಿದ್ದವರು ಸೀಬಯ್ಯ. ಹುಣಸೆಮರದ ಕೆಳಗಿನ ಮನೆಯವರು, ನನ್ನ ತಾತನ ವಯಸ್ಸು. ಅಕ್ಕನ ಓದು ಏನು ಅಂತ ಕೇಳಿ ತಿಳಿದುಕೊಂಡು, "ಸಂಬಂಧ ಅಂದ್ರೆ ಗಂಡು ಹೆಣ್ಣು ಕೂಡಿಸೋದೇನವ್ವ? ಹಂಗಿದ್ರೆ ನಮ್ಮ ಮೊಮ್ಮಗನಿಗೂ ಒಂದು ನೋಡು," ಅಂದರು.

"ನಿಮ್ಮ ಮೊಮ್ಮಗನಿಗೆ ಬೇರೆ ದೇಶದಲ್ಲೇ ನೋಡ್ಬೇಕು ತಾತ. ಇಲ್ಲಿ ಅವನ ವಿಷಯ ಎಲ್ಲರಿಗೂ ಗೊತ್ತು," ಅಂದಳು ಅಕ್ಕ.

ಮುದುಕರಿಗೆ ಅವಳು ಹಿಡಿಸಿದ್ದು ಆಗಲೇ. ಆ ಅಮಾವಾಸ್ಯೆಗೆ ಮಂಡಿನೋವು ಅಂತ ಹೇಳಿ ಅವಳನ್ನೇ ಚಾಪೆಯ ಮೇಲೆ ಕೂರಿಸಿದರು. ಎದುರಿಗೆ ಕುಂಬಾರ ಬೀದಿ. ಆ ಬೀದಿ ಪಕ್ಕಕ್ಕೆ ಬಂದಾಗಲೆಲ್ಲ ಮಡಕೆ ಸುಡುವ ಆವಿಗೆಯ ಹೊಗೆಗೆ ನಾವು ಒಣಹಾಕಿದ ಬಟ್ಟೆ ಕಪ್ಪಾಗುತ್ತಿತ್ತು. ಸೀಬಯ್ಯ ಪ್ರತಿಸಲ ಸುಡಬೇಡಿ ಅನ್ನುತ್ತಿದ್ದರು, ಅವರು ತಲೆ ಆಡಿಸುತ್ತಿದ್ದರು, ಆಮೇಲೆ ಸುಡುತ್ತಿದ್ದರು. ಅಕ್ಕ ಸುಡಬೇಡಿ ಅನ್ನಲಿಲ್ಲ, ಏನು ಹಾಕಿ ಸುಡುತ್ತೀರಿ ಅಂತ ಕೇಳಿದಳು. ಸೌದೆ ಸಿಗದೆ ಹಳೇ ಟಯರು ಹಾಕುತ್ತಿದ್ದರಂತೆ. ನಮ್ಮ ಹಿತ್ತಲುಗಳಲ್ಲಿ ಬಿದ್ದಿದ್ದ ತೆಂಗಿನ ಗರಿ, ಮಟ್ಟೆಯನ್ನೆಲ್ಲ ಕೊಟ್ಟುಬಿಟ್ಟಳು. ಹೊಗೆ ತಿಳಿಯಾಯಿತು, ಮನೆಗೊಂದು ಮಡಕೆಯೂ ಬಂತು. ಎಲ್ಲರಿಗಿಂತ ಹೆಚ್ಚು ಮಟ್ಟೆ ಇದ್ದದ್ದು ನನ್ನ ಗಿರಣಿಯ ಹಿಂದೆ, ಚಳಿಗಾಲದ ಸ್ನಾನಕ್ಕೆ ಅಂತ ಒಟ್ಟಿದ್ದೆ. ಆ ತಿಂಗಳೆಲ್ಲ ತಣ್ಣೀರು ಹುಯ್ದುಕೊಂಡೆ. ಅಕ್ಕನಿಗೆ ಸಿಕ್ಕಿದ್ದು ಪದ್ಧತಿಯ ಎರಡು ವೀಳ್ಯದೆಲೆ ಮತ್ತು ಒಂದು ಅಡಿಕೆ.

ನಾನು ಸೀದಾ ಸೀಬಯ್ಯನ ಜಗಲಿಗೆ ಹೋದೆ. ಸಂದಿಗೆ ಕೂತವಳಿಗೆ ಬೀದಿಯವರು ಸಂಬಳ ಕೊಡಬೇಕು ಅಂದೆ.

"ಸಂದು ಕೂರೋಕೆ ಯಾರಾದ್ರೂ ಕೂಲಿ ಕೇಳ್ತಾರೇನೋ ದೊರೆಸ್ವಾಮಿ? ನಾನು ಇಷ್ಟು ವರ್ಷ ಪುಕ್ಕಟೆ ಕೂತಿಲ್ವಾ?"

"ನೀವು ಕೂತಿದ್ದಕ್ಕೆ ಇಷ್ಟು ವರ್ಷ ಹೊಗೆ ಕುಡಿದ್ವಿ ತಾತ. ಅವಳು ಒಂದು ಸಲ ಕೂತಿದ್ದಕ್ಕೆ ಮಡಕೆ ಬಂತು."

"ಅದು ಅವಳ ಜಾಣತನ ಕಣಪ್ಪ. ಜಾಣತನಕ್ಕೆ ಬೆಲೆ ಕಟ್ಟೋಕಾಗುತ್ತಾ?"

"ಕಾಲೇಜಿನೋರು ಕಟ್ಟಿದ್ರಲ್ಲ. ಫೀಜು ಅಂತ ಕಟ್ಟಿದ್ರು."

ಅವರು ನಕ್ಕು, ಒಳಗಿಂದ ಒಂದು ಬೆಲ್ಲದ ಅಚ್ಚು ತಂದು ಕೈಗಿಟ್ಟರು. ಬೆಲ್ಲ ತಿನ್ನುತ್ತಲೇ ಬೈದುಕೊಂಡು ಬಂದೆ.

ಮುಂದಿನ ಅಮಾವಾಸ್ಯೆ ಕಳೆದ ಬೆಳಗ್ಗೆ ನಮ್ಮ ಪಕ್ಕದಲ್ಲಿ ಬೆಳ್ಳಿ ಬೀದಿ ಇತ್ತು. ಬೆಳ್ಳಿ ಕೆಲಸದವರ ಬೀದಿ, ಊರಿಗೆಲ್ಲ ಅನುಕೂಲಸ್ಥರು. ಅವರ ಕಡೆಯಿಂದ ಚಾಪೆಗೆ ಬಂದವರು ವಜ್ರಮ್ಮ. ದೊಡ್ಡ ಅಂಗಡಿಯ ಯಜಮಾನಿ, ಬಿಳೀ ಕೂದಲು, ನೆಟ್ಟಗೆ ಕೂರುವ ಹೆಂಗಸು. "ನಮ್ಮ ಚರಂಡಿ ಆಗಾಗ ಕಟ್ಟಿಕೊಳ್ಳುತ್ತೆ. ನಮ್ಮ ಜನಕ್ಕೆ ಸ್ವಲ್ಪ ಸೊಕ್ಕು," ಎಂದು ತಮ್ಮ ಬೀದಿಯ ದೋಷ ಹೇಳಿ ಮುಗಿಸಿದರು.

"ನಮ್ಮ ಗಿರಣಿಯಿಂದ ಖಾರದ ಘಾಟು ಬರುತ್ತೆ ಕಣಮ್ಮ," ಅಂದಳು ಅಕ್ಕ. "ನಿಮ್ಮೋರು ಬೆಸುಗೆ ಹಾಕ್ತಾ ಇರುವಾಗ ಸೀನು ಬಂತು ಅಂದ್ರೆ ಕೈ ಅಲುಗಿ ಕೆಲಸ ಕೆಡುತ್ತೆ. ನಾಳೆ ನೀವು ಬಂದು ಜಗಳ ಆಡೋಕೆ ಮುಂಚೆ ನಾನೇ ಹೇಳ್ತಿದೀನಿ."

ನಾನು ಜನರ ಹಿಂದೆ ನಿಂತವನು ತಲೆ ತಲೆ ಚಚ್ಚಿಕೊಂಡೆ. ಮೆಣಸಿನಕಾಯಿಯ ಕಾಲ, ಮನೆಮನೆಯವರೂ ವರ್ಷದ ಖಾರದ ಪುಡಿ ಮಾಡಿಸುವ ಸಮಯ. ನಿರೀಕ್ಷಿಸಿದಂತೆಯೇ ವಜ್ರಮ್ಮ, ಹಾಗಿದ್ದರೆ ಈ ತಿಂಗಳು ಖಾರ ನಿಲ್ಲಿಸಿ ಅಂದರು.

"ಬೆಸುಗೆ ಯಾವ ಹೊತ್ತಲ್ಲಿ ಹಾಕ್ತಾರೆ?"

"ಬೆಳಕು ಚೆನ್ನಾಗಿರೋವಾಗ. ಬೆಳಗ್ಗೆ. ಉಂಡ ಮೇಲೆ ಮಲಗ್ತಾರೆ, ಎದ್ದು ಪಾಲಿಶ್ ಮಾಡ್ತಾರೆ."

"ಹಾಗಾದ್ರೆ ಊಟದ ಹೊತ್ತಿನ ತನಕ ನಮ್ಮ ತಮ್ಮ ರಾಗಿ ಬೀಸ್ತಾನೆ, ಆಮೇಲೆ ಖಾರ. ಬಾಗಿಲಿಗೆ ಒದ್ದೆ ಗೋಣಿ ಕಟ್ತಾನೆ. ಅರ್ಧ ದಿನ ಖಾರ ನಿಲ್ಲಿಸಿದ್ದಕ್ಕೆ ಗಿರಾಕಿ ಕಮ್ಮಿಯಾಗ್ತಾರಲ್ಲ, ಅದಕ್ಕೆ ನಿಮ್ಮ ಬೀದಿಯ ಖಾರವೆಲ್ಲ ನಮ್ಮಲ್ಲೇ ಬೀಸಿಸ್ಬೇಕು."

ವಜ್ರಮ್ಮ, "ನಮಗೆ ಸೀನು ಬರಿಸಿ, ನಮ್ಮಿಂದಲೇ ವ್ಯಾಪಾರ ಕೇಳ್ತೀಯಲ್ಲೇ ಹುಡುಗಿ," ಅಂದರು. ಹಾಗಂದು ಒಪ್ಪಿದರು.

ಒಂದು ವಾರದ ಮೇಲೆ ಅವರೇ ಗಿರಣಿಗೆ ಬಂದರು. ಹಿಟ್ಟಿನ ದೂಳಿನಲ್ಲಿ ಸೆರಗು ಮೂಗಿಗೆ ಹಿಡಿದು ನಿಂತು, ನಿಮ್ಮ ಬೀದಿಯವರು ಇವಳಿಗೆ ಏನು ಕೊಡುತ್ತಾರೆ ಅಂತ ಕೇಳಿದರು. ಎರಡು ಎಲೆ, ಒಂದು ಅಡಿಕೆ ಅಂದೆ. ಹೇಳಿಕೊಳ್ಳಲು ಕೊನೆಗೂ ಒಬ್ಬರು ಸಿಕ್ಕರಲ್ಲ ಅಂತ ಖುಷಿಯೇ ಆಯಿತು.

"ನಾವು ತಿಂಗಳಿಗೆ ಸಂಬಳ ಕೊಡ್ತೀವಿ. ಮೇಲುಗಡೆ ಒಂದು ಕೋಣೆ, ಊಟ," ಅಂದರು. ಅವರು ಹೇಳಿದ ಮೊತ್ತ ನನ್ನ ಗಿರಣಿಯ ಎರಡು ತಿಂಗಳ ಗಳಿಕೆ. "ಆದರೆ ಅಮಾವಾಸ್ಯೆಗೆ ನಮ್ಮಲ್ಲೇ ಮಲಗಬೇಕು. ಹೇಳೋದೇ ಬೇಡ. ನಮ್ಮ ಸಂದಿನವಳು ಅಂದ ಮೇಲೆ ನಮ್ಮ ಬೀದಿ ಹೋದಲ್ಲಿಗೆ ಅವಳೂ ಬರಬೇಕು."

ಆ ಸಂಜೆ ಅವ್ವ, ಅಕ್ಕ, ನಾನು ಮೂವರೂ ಜಗಲಿಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದೆವು. ಬೆಳ್ಳಿ ಬೀದಿ ಮತ್ತೆ ನಮ್ಮ ಪಕ್ಕಕ್ಕೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅವ್ವನೂ ಹೂವಿನ ಬೀದಿಯ ಚಿಕ್ಕಮ್ಮನೂ ಒಬ್ಬರ ಮುಖ ಒಬ್ಬರು ನೋಡಿ, ನಾನು ಗಿರಣಿಗೆ ನಿಂತಷ್ಟೇ ವರ್ಷವಾಗಿತ್ತು.

"ಏನು ಮಾಡ್ಲಿ ದೊರೆ?" ಅಂದಳು ಅಕ್ಕ.

"ನನ್ನ ಕೇಳ್ತೀಯಾ? ಹೋಗು. ಇದಕ್ಕೇ ಅಲ್ವಾ ಓದಿದ್ದು?"

"ನೀನು ಬೇಡ ಅಂದ್ರೆ ಹೋಗಲ್ಲ."

"ಬೇಡ ಅಂದು, ಆಮೇಲೆ ಜೀವನಪೂರ್ತಿ ನಿನ್ನ ಮುಖ ನೋಡ್ಕೊಂಡು ಖಾರದ ಮುದ್ದೆ ತಿನ್ಲಾ? ಮೆಷಿನ್ನು ಹೋಯ್ತು, ನನ್ನ ಸ್ಕೂಲು ಹೋಯ್ತು. ಈಗ ಸಂಬಳ ಬಂದು ಬಾಗಿಲಲ್ಲಿ ನಿಂತಿದ್ರೆ ನನ್ನ ಕೇಳ್ತಾಳಂತೆ."

"ಅವಳು ಕೇಳಿದ್ದಕ್ಕೆ ಉತ್ತರ ಹೇಳೋ," ಅಂದಳು ಅವ್ವ.

"ಹೇಳಿದ್ನಲ್ಲ, ಹೋಗು ಅಂತ."

ಅವ್ವ ಕಣ್ಣು ಒರೆಸಿಕೊಂಡಳು, ಖಾರದ ಕೈ, ಇನ್ನಷ್ಟು ನೀರು ಬಂತು. ಅಕ್ಕ ಎದ್ದು ಹೋಗಿ ಮಜ್ಜಿಗೆ ತಂದು ಅವಳ ಕಣ್ಣಿಗೆ ಹಚ್ಚಿದಳು.

ಟ್ರಂಕನ್ನು ನಾನೇ ಹೊತ್ತು ಸಂದು ದಾಟಿಸಿದೆ. ಇದ್ದ ಒಂದೇ ಛತ್ರಿ ಯಾರಿಗೆ ಅಂತ ಸಂದಿನ ಮೇಲೆ ನಿಂತು ಜಗಳ ಆಡಿದೆವು. ನೀನೇ ಇಟ್ಟುಕೋ ಅಂತ ಅವಳು, ನೀನೇ ಇಟ್ಟುಕೋ ಅಂತ ನಾನು. ಕೊನೆಗೆ ಅದನ್ನು ಅವಳ ಟ್ರಂಕಿನ ಮೇಲೆ ಎಸೆದು ತಿರುಗಿ ನೋಡದೆ ಬಂದೆ. ಅಮಾವಾಸ್ಯೆ ಕಳೆದು ಬೆಳಗಾದಾಗ ಅಲ್ಲಿ ದರ್ಜಿ ಬೀದಿಯವರು ಹಲ್ಲುಜ್ಜುತ್ತಾ ನಿಂತಿದ್ದರು.

ಮೊದಲ ತಿಂಗಳ ಸಂಬಳದಲ್ಲಿ ಅವಳು ಕಳಿಸಿದ ದುಡ್ಡು ನಾಲ್ಕು ಬೀದಿ ದಾಟಿ ಬಂತು. ತಂದುಕೊಟ್ಟ ದರ್ಜಿ ನಿಯತ್ತಿನ ಮನುಷ್ಯ. "ದಾರೀಲಿ ಎಲ್ಲರೂ ತಗೊಂಡ್ರು ಕಣಪ್ಪ, ನಾವೂ ತಗೊಂಡ್ವಿ," ಅಂತ ಮುಖಕ್ಕೇ ಹೇಳಿದ. ಉಳಿದದ್ದಕ್ಕೆ ಅರ್ಧ ಕೆಜಿ ಜಿಲೇಬಿ ಬಂದೀತು. ಒಂದು ಶಾಲೆ, ಒಂದು ಮೆಷಿನ್ನು, ಮೂರು ವರ್ಷದ ಕಾಲೇಜು, ಕೊನೆಗೆ ಅರ್ಧ ಕೆಜಿ ಜಿಲೇಬಿ. ಅವ್ವನಿಗೆ ಹೇಳಿದರೆ ಅವಳು ನಗತೊಡಗಿದಳು. ಎಷ್ಟು ನಕ್ಕಳು ಅಂದರೆ ಕಂಬ ಹಿಡಿದುಕೊಳ್ಳಬೇಕಾಯಿತು. ನಾನು ಸೀಬಯ್ಯನ ಹತ್ತಿರ ಹೋಗಿ, ಇನ್ನು ಮೇಲೆ ಸಂದಿಗೆ ನಾನು ಕೂರುತ್ತೇನೆ ಅಂದೆ.

"ನೀನಾ? ನಿನಗೆ ಕೂರೋಕೆ ಎಲ್ಲಿ ಬರುತ್ತೋ? ನಿಂತೇ ಜಗಳ ಆಡೋನು."

"ಕೂತೇ ಆಡ್ತೀನಿ."

ಆ ಸಲ ಪಕ್ಕಕ್ಕೆ ಬಂದದ್ದು ಹಗ್ಗದ ಬೀದಿ. ಎದುರಿಗೆ ಕೂತವಳು ಒಬ್ಬ ನಡುವಯಸ್ಸಿನ ಹೆಂಗಸು. ಪದ್ಧತಿ ಪ್ರಕಾರ ನಮ್ಮ ಬೀದಿಯ ದೋಷ ಹೇಳಬೇಕಲ್ಲ, ಶುರುಮಾಡಿದೆ. ನಲ್ಲಿಯಲ್ಲಿ ತುಕ್ಕು ನೀರು ಬರುವುದು, ಚರಂಡಿಗೆ ಹಾಕಿದ ಕಲ್ಲನ್ನು ಯಾರೋ ಒಗೆಯುವ ಕಲ್ಲು ಮಾಡಿಕೊಂಡದ್ದು, ಸೀಬಯ್ಯನ ಜಿಪುಣತನ, ಬೆಲ್ಲ ಕೊಟ್ಟು ಬಾಯಿ ಮುಚ್ಚಿಸುವುದು, ಬಂಗಾರದಂಥ ಹುಡುಗಿಗೆ ಎಲೆ ಅಡಿಕೆ ಕೊಟ್ಟು ಬೇರೆ ಬೀದಿಗೆ ಕಳಿಸಿದ್ದು, ಅವಳು ದುಡಿದು ಕಳಿಸಿದ ದುಡ್ಡು ದಾರಿಯಲ್ಲೇ ಕರಗಿದ್ದು. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಿಸಲು ಆಗಲಿಲ್ಲ. ನನ್ನ ಹಿಂದೆ ನಿಂತ ನಮ್ಮ ಜನ ಹಲ್ಲು ಕಡಿಯುವುದು ಕೇಳಿಸುತ್ತಿತ್ತು. ಆ ಹೆಂಗಸು ಬಾಯಿ ತೆರೆದುಕೊಂಡು ಕೇಳಿದಳು. "ಅಯ್ಯೋ ಪಾಪ, ಇಷ್ಟು ಕಷ್ಟದಲ್ಲಿದೀರಿ ಅಂತ ನಮಗೆ ಗೊತ್ತಿರಲಿಲ್ಲ ಕಣಪ್ಪ," ಅಂದಳು. "ನಿಮ್ಮ ಅಕ್ಕನ ದುಡ್ಡಿಂದ ನಾವು ಏನೂ ಮುಟ್ಟಲ್ಲ." ನಮ್ಮವರು ನನ್ನನ್ನು ಹೊಡೆಯಬೇಕೋ ಹೊಗಳಬೇಕೋ ತಿಳಿಯದೆ ಮನೆಗೆ ಹೋದರು. ಸೀಬಯ್ಯ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ರಾಗಿ ಬೀಸಿಸಲು ಅವರೇ ಬಂದರು.

ಹೀಗೇ ಕೂರುತ್ತಾ ಹೋದೆ. ದುಡ್ಡು ತಿಂಗಳಿಂದ ತಿಂಗಳಿಗೆ ಇಡಿಯಾಗಿ ಬರತೊಡಗಿತು. ಇದೆಲ್ಲ ನನ್ನ ಬಾಯಿಯಿಂದಲೇ ಆದದ್ದು ಅಂತ ಬೀಗುತ್ತಿದ್ದೆ. ನಾನು ಕಣ್ಣಲ್ಲೇ ನೋಡದ ದೂರದ ಬೀದಿಗಳವರೂ ಪಾಲು ಬಿಟ್ಟುಕೊಡುತ್ತಿದ್ದಾರೆ ಅಂತ ಒಬ್ಬ ಬಳೆಗಾರ ಹೇಳಿದ ಮೇಲೆ ಗೊತ್ತಾಯಿತು, ಆ ತುದಿಯಿಂದ ಅಕ್ಕನೂ ಇದಕ್ಕೇ ಕೂತಿದ್ದಾಳೆ ಅಂತ. ವರ್ಷ ತಿರುಗುವುದರೊಳಗೆ ಖಾರದ ಮೆಷಿನ್ನು ವಾಪಸು ತಂದೆ. ಅದೇ ಮೆಷಿನ್ನು, ಬಣ್ಣ ಮಾತ್ರ ಬೇರೆ. ಮಕ್ಕಳ ಬಿಕ್ಕಳಿಕೆ ನಿಂತಿತು. ಅಂದರೆ ಅಕ್ಕನ ಓದು ತನ್ನ ದುಡ್ಡನ್ನು ತಾನು ಗಳಿಸಿ ಕೊಟ್ಟಿತ್ತು, ಬೈಯಲು ನನಗೆ ಏನೂ ಉಳಿಸಿರಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು. ಎಲ್ಲಿ ಕೂರಿಸಬೇಕು ಅಂತ ತಿಳಿಯದೆ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೆ.

ವಾಪಸು ಬಂದ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಅವ್ವ ಕೇಳಿದಳು. "ದುಡ್ಡಿಗೆ ದಾರಿ ಮಾಡ್ದೆ. ಅವಳಿಗೆ?"

"ಆಳಿಗೆ ಯಾರು ಕೊಡ್ತಾರವ್ವ ದಾರೀನ?"

"ಕೇಳಿದ್ಯಾ?"

ಕೇಳಿರಲಿಲ್ಲ. ಆಳಿಗೆ ದಾರಿ ಕೊಡಲು ಬೀದಿಗಳು ಹೆದರುತ್ತವೆ. ದುಡ್ಡಾದರೆ ಹಾದು ಹೋಗುತ್ತದೆ. ಆಳು ಅಮಾವಾಸ್ಯೆಗೆ ನಡುವೆ ಸಿಕ್ಕಿಬಿದ್ದರೆ ಅನ್ನ ಹಾಕಬೇಕು, ಹಾಸಿಗೆ ಕೊಡಬೇಕು, ವಯಸ್ಸಿಗೆ ಬಂದವಳಾದರೆ ಜವಾಬ್ದಾರಿ ಬೇರೆ. ಆದರೂ ಅಂದಿನಿಂದ ಪ್ರತಿ ಚಾಪೆಯ ಮೇಲೂ ಕೇಳಿದೆ. ಮೊದಲು ಗದರಿಸಿ ಕೇಳಿದೆ, ಆಮೇಲೆ ಸಾಮಾನ್ಯ ದನಿಯಲ್ಲಿ ಕೇಳಿದೆ, ಒಮ್ಮೆ ಬೇಡಿಕೊಂಡೆ ಕೂಡ. ಪ್ರತಿಸಲ ಇಲ್ಲ ಅಂದರು. ಗಾಣದ ಬೀದಿ ಪಕ್ಕಕ್ಕೆ ಬಂದಾಗಲೂ ಅಷ್ಟೇ. ಅವರ ಸಂದಿನ ಮುದುಕ, ಎಣ್ಣೆ ಹೊಳೆಯುವ ತೋಳಿನವನು, ಆಗಲ್ಲ ಕಣಪ್ಪ ಅಂತ ಹೇಳಿ ಚಾಪೆ ಮಡಿಸಿಕೊಂಡು ಹೋದ.

ಹತ್ತು ದಿನ ಕಳೆದು ಆ ಮುದುಕನೇ ಹೇಳಿಕಳಿಸಿದ, ಚಾಪೆ ಮತ್ತೆ ಹಾಸಬೇಕು ಅಂತ. ತಿಂಗಳ ನಡುವೆ ಚಾಪೆ ಹಾಸುವುದು ನಮ್ಮಲ್ಲಿ ಬಲು ಅಪರೂಪ. ಚರಂಡಿ ಜಗಳ ಇರಬೇಕು ಅಂದುಕೊಂಡು ಮೈಮೇಲಿನ ಹಿಟ್ಟು ಕೊಡವಿಕೊಂಡು ಹೋಗಿ ಕೂತೆ.

"ನಮ್ಮ ಬೀದಿ ಎಣ್ಣೆಯಿಂದ ಜಾರುತ್ತೆ, ನಮ್ಮ ಎತ್ತು ಹಾಯುತ್ತೆ," ಅಂತ ಮುದುಕ ದೋಷ ಹೇಳಿ ಮುಗಿಸಿದ. "ಈಗ ವಿಷಯ. ನಮ್ಮ ಕಡೆಯಿಂದ ನಿಮ್ಮ ಬೀದಿಗೆ ಒಂದು ಆಳು ಬರಬೇಕು. ದಾರಿ ಬೇಕು."

"ಯಾರು?"

"ಬೆಳ್ಳಿ ಬೀದಿಯ ಸಂದಿನವಳು. ನಮ್ಮ ಆಚೆಗೆ ಹೂವಿನ ಬೀದಿ, ಅದರ ಆಚೆಗೇ ಬೆಳ್ಳಿ ಬೀದಿ ಬಂದಿದೆ. ಹೂವಿನೋರು ಒಪ್ಪಿದಾರೆ. ನಾವೂ ಒಪ್ಪಿದೀವಿ. ಇನ್ನು ನಿಮ್ಮದೊಂದೇ."

"ಮೊನ್ನೆ ಆಗಲ್ಲ ಅಂದ್ರಿ."

"ಮೊನ್ನೆ ನೀನು ಬರೀ ಕೇಳ್ದೆ. ಅವಳು ಕೊಡ್ತೀನಿ ಅಂದ್ಲು."

"ಏನು ಕೊಡ್ತಾಳಂತೆ?"

"ಈ ಅಮಾವಾಸ್ಯೆ ತನಕ ನಮ್ಮ ಬೀದಿ ರಾಗಿಯೆಲ್ಲ ನಿಮ್ಮ ಗಿರಣೀಲಿ ಪುಕ್ಕಟೆ ಬೀಸಿಕೊಡೋದು. ಹೂವಿನ ಬೀದಿಯದ್ದೂ. ಅಕ್ಕಿ ಗೋಧಿ ಇದ್ರೆ ಅದೂ ಸೇರ್ತು."

ಆಗ ನಾನು ಎದ್ದು ನಿಂತೆ. ಯಾರ ಗಿರಣಿ, ಯಾರ ಕರೆಂಟು, ಯಾರ ಮೈ ಅಂತ ಕೇಳಿದೆ. ಎರಡು ಬೀದಿಯ ರಾಗಿ ಅಂದರೆ ಎಷ್ಟಾಗುತ್ತದೆ ಅನ್ನುವ ಅಂದಾಜಾದರೂ ಇದೆಯೇ ಆ ಬಿ.ಎ. ಓದಿದವಳಿಗೆ ಅಂತ ಕೇಳಿದೆ. ಅವಳು ಕೂತಲ್ಲಿಂದ ಮಾತು ಕೊಡುವುದು, ನಾನು ನಿಂತಲ್ಲಿ ಬೀಸುವುದು. ಅಂದು ನನ್ನ ಮಟ್ಟೆ, ಇಂದು ನನ್ನ ಗಿರಣಿ. ಕೇಳದೆ, ಹೇಳದೆ, ಬೀದಿ ಬೀದಿಗೆ ಹಂಚುವುದನ್ನೇ ಮೂರು ವರ್ಷ ದುಡ್ಡು ಕೊಟ್ಟು ಕಲಿತಳಾ ಅಂತ ಕೇಳಿದೆ. ಎರಡೂ ಕಡೆಯ ಜನ ಸೇರಿದರು. ಅವ್ವ ಜಗಲಿಯಿಂದ ಇಳಿದು ಬಂದಳು. ನನ್ನ ದನಿಗೆ ಗಾಣದ ಎತ್ತು ನಿಂತುಬಿಟ್ಟಿತು.

ಮುದುಕ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಾ ನನ್ನನ್ನೇ ನೋಡುತ್ತಿದ್ದ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, "ಅವಳು ಹೇಳಿದ್ಲು," ಅಂದ. "ಆ ಕಡೆ ಕೂರೋನು ಮೊದಲು ಕೂಗಾಡ್ತಾನೆ, ನಡುವೆ ಬಾಯಿ ಹಾಕ್ಬೇಡಿ, ಮುಗಿಯೋ ತನಕ ಸುಮ್ನೆ ಎಲೆ ಹಾಕ್ಕೊಂಡು ಕೂತಿರಿ ಅಂತ. ಮುಗೀತಾ?"

"ಇಲ್ಲ," ಅಂದೆ. "ಇನ್ನೂ ಇದೆ."

ಇನ್ನೂ ಸ್ವಲ್ಪ ಕೂಗಾಡಿದೆ. ಆಮೇಲೆ ಚಾಪೆಯ ಮೇಲೆ ಕೂತು, ಅವಳು ಯಾವತ್ತು ಬರುತ್ತಾಳೆ ಅಂತ ಕೇಳಿದೆ.